ಟಾಂಗಾ ಬಿಟ್ಟ ಕುದುರಿ ಸಂಸ್ಥೆಯಿಂದ ಸಾಕಾಕ ತರೋದು: ಕರಾರು, ಮೇವು, ಗೊರಸು, ಜಾಗ

ಜಮಖಂಡಿ_ತೋಟ

ಜಮಖಂಡಿ ತಾಲೂಕಿನ್ಯಾಗ ಎರಡು ಎಕರೆ ತೋಟ ಐತ್ರಿ. ಬೋರ್ ಐತಿ, ದನದ ಕೊಟಗಿ ಖಾಲಿ ಐತಿ, ಸುತ್ತಲೂ ಮುಳ್ಳುತಂತಿ ಬೇಲಿ. ಟಾಂಗಾ ಎಳದು ಸೋತ ಒಂದು ಹೆಣ್ಣು ಕುದುರಿನ ಪ್ರಾಣಿದಯಾ ಸಂಸ್ಥೆಯವರು ಸಾಕಾಕ ಕೊಡತೀವಿ ಅಂದಾರ. ಹದಿನಾಲ್ಕು ವರ್ಷದ್ದಂತ, ಪಕ್ಕೆಲಬು ಕಾಣತಾವ, ಆದ್ರ ನಡಿಗಿ ಚೊಲೋ ಐತಿ. ಒಮ್ಮೆ ‘ದತ್ತು’ ಅಂತಾರ, ಒಮ್ಮೆ ‘ಸಾಕಣೆ ಕರಾರು’ ಅಂತಾರ. ಎರಡಕ್ಕೂ ಏನು ಫರಕು? ಕಣಕಿ (ಜೋಳದ ಒಣ ದಂಟು), ಕಬ್ಬಿನ ವಾಡೆ (ತುದಿ ಎಲಿ) ಹಾಕಿ ಸಾಕಬಹುದೇನು? ಮನಿ ಹುಡುಗರು ಹತ್ತಬಹುದೇನು? ಗೊತ್ತಿದ್ದವರು ಬಿಡಿಸಿ ಹೇಳ್ರಿ.

ಪ್ರಾಣಿದಯೆ_ಬೆಳಗಾವಿ

ಕಾಗದಪತ್ರದ ಮಾತು ನಾನು ಹೇಳ್ತೀನಿ, ಮೇವು ಆರೋಗ್ಯ ತಿಳಿದವರು ಇಲ್ಲೇ ಇದ್ದಾರೆ.

ದತ್ತು ಅಂದರೆ ಒಡೆತನವೇ ನಿಮಗೆ ಬರ್ತದೆ. ಸಾಕಣೆ ಕರಾರು ಅಂದರೆ ಕುದುರೆ ಸಂಸ್ಥೆಯದ್ದು, ಜೋಪಾನ ಮತ್ತು ಖರ್ಚು ನಿಮ್ಮದು. ಬ್ರಿಟನ್ನಿನಲ್ಲಿ ಇದು ಹಳೇ ಪದ್ಧತಿ. 1927ರಲ್ಲಿ ಶುರುವಾದ ಈಗಿನ ವರ್ಲ್ಡ್ ಹಾರ್ಸ್ ವೆಲ್‌ಫೇರ್ ಸಂಸ್ಥೆ ಕುದುರೆಗಳನ್ನ ಹೊಸ ಮನೆಗೆ ಕಳಿಸೋದು ಹೀಗೇ. ಒಡೆತನ ಬಿಟ್ಟುಕೊಟ್ಟ ಮೇಲೆ ಕುದುರೆ ಸಂತೆಗೆ ಹೋದರೂ, ಮದುವೆ ಮೆರವಣಿಗೆಗೆ ಹೋದರೂ ಕೇಳೋ ಹಕ್ಕು ಇರೋದಿಲ್ಲ, ಅದಕ್ಕೇ ಈ ಕಟ್ಟು. ಸಾಕೋರಿಗೂ ಇದರಲ್ಲಿ ಒಂದು ಆಸರೆ ಇದೆ: ನಿಮ್ಮ ಪರಿಸ್ಥಿತಿ ಕೆಟ್ಟರೆ ಕುದುರೆಯನ್ನ ವಾಪಸ್ ತಗೊಳ್ಳೋ ಹೊಣೆ ಸಂಸ್ಥೆ ಮೇಲಿರ್ತದೆ. ಮೊದಲ ಸಲ ಕುದುರೆ ಇಡೋರು ಕರಾರನ್ನೇ ಆರಿಸಿಕೊಳ್ಳೋದು ಒಳ್ಳೇದು ಅಂತ ನನ್ನ ಖಚಿತ ಅಭಿಪ್ರಾಯ.

ಇನ್ನೊಂದು ಗೊಂದಲ ಇಲ್ಲೇ ಬಿಡಿಸ್ತೀನಿ. ಬ್ರೂಕ್ ಹೆಸರು ಕೇಳಿ ಅಲ್ಲಿ ಕುದುರೆ ಸಿಗ್ತದೆ ಅಂದ್ಕೊಳ್ಳೋರಿದ್ದಾರೆ. 1934ರಲ್ಲಿ ಕೈರೋದಲ್ಲಿ ಹುಟ್ಟಿದ ಆ ಸಂಸ್ಥೆಯ ಕೆಲಸ ಬೇರೆ: ದುಡಿಯೋ ಕುದುರೆ, ಕತ್ತೆ, ಹೇಸರಗತ್ತೆಗಳು ಮಾಲೀಕರ ಮನೆಯಲ್ಲೇ ಚೆನ್ನಾಗಿರೋ ಹಾಗೆ ನೋಡೋದು.

ಈಗ ಮುಖ್ಯ ವಿಷಯ. ಕುದುರೆ ಸಂಸ್ಥೆಗೆ ಹೇಗೆ ಬಂತು ಅಂತ ಮೊದಲು ಕೇಳಿ. ಮಾಲೀಕನೇ ಬರೆದುಕೊಟ್ಟಿದ್ದರೆ ಆ ಕಾಗದದ ಪ್ರತಿ ತಗೊಳ್ಳಿ. ಪೊಲೀಸರು ಜಪ್ತಿ ಮಾಡಿದ್ದಾದರೆ ಮೊಕದ್ದಮೆ ಮುಗಿದಿದೆಯೋ ಇಲ್ಲವೋ ನೋಡಿ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಅಡಿಯಲ್ಲಿ 2017ರಲ್ಲಿ ಬಂದ ನಿಯಮಗಳ ಪ್ರಕಾರ ಮೊಕದ್ದಮೆ ನಡೆಯೋವರೆಗೂ ಪ್ರಾಣಿ ಮುದ್ದೆಮಾಲು, ಅಂದರೆ ಮೊಕದ್ದಮೆಗೆ ಸೇರಿದ ಸ್ವತ್ತು. ಸಂಸ್ಥೆ, ಗೋಶಾಲೆ ಅಥವಾ ಪಾಂಜರಪೋಳದ ವಶದಲ್ಲಿರ್ತದೆ, ಒಡೆತನ ಯಾರಿಗೂ ಕೊಡಲಿಕ್ಕೆ ಬರೋದಿಲ್ಲ. ಆರೋಪಿಗೆ ಶಿಕ್ಷೆಯಾದ ಮೇಲೆ ಮ್ಯಾಜಿಸ್ಟ್ರೇಟರು ಒಡೆತನ ಕಿತ್ತು ಸಂಸ್ಥೆಗೆ ಒಪ್ಪಿಸ್ತಾರೆ, ದತ್ತಿನ ಮಾತು ಆಮೇಲೆ. ಅದಕ್ಕೆ ಮುಂಚೆ ‘ದತ್ತು ಪತ್ರ’ ಅಂತ ಯಾರಾದರೂ ಸಹಿ ಹಾಕಿಸಿಕೊಂಡರೆ ಅದು ನಿಲ್ಲೋದಿಲ್ಲ. ಕೋರ್ಟು ಕೇಳಿದ ದಿನ ಕುದುರೆಯನ್ನ ಹಾಜರು ಮಾಡಬೇಕಾಗ್ತದೆ.

ಕರಾರಿನಲ್ಲಿ ಇರಲೇಬೇಕಾದ್ದು: ಕುದುರೆಯ ಗುರುತು (ಬಣ್ಣ, ಹಣೆಯ ಬೊಟ್ಟು, ಕಾಲಿನ ಬಿಳುಪು, ಸುಳಿಗಳ ಜಾಗ, ಹಳೇ ಗಾಯದ ಕಲೆ, ಚಿಪ್ ಇದ್ದರೆ ಅದರ ಸಂಖ್ಯೆ). ಮಾರೋ ಹಾಗಿಲ್ಲ, ಬೇರೆಯವರಿಗೆ ಕೊಡೋ ಹಾಗಿಲ್ಲ, ಗಾಡಿಗೆ ಶರ್ಯತ್ತಿಗೆ ಕಟ್ಟೋ ಹಾಗಿಲ್ಲ, ಮರಿ ಹಾಕಿಸೋ ಹಾಗಿಲ್ಲ. ಬರುವಾಗಲೇ ಗಬ್ಬ ಇದ್ದರೆ ಮರಿ ಯಾರದ್ದು, ದೊಡ್ಡ ಚಿಕಿತ್ಸೆಯ ಖರ್ಚು ಯಾರದ್ದು, ಗುಣವಾಗದ ನೋವಿದ್ದಾಗ ದಯಾಮರಣದ ತೀರ್ಮಾನ ಯಾರದ್ದು, ವಾಪಸ್ ಕೊಡಲಿಕ್ಕೆ ಎಷ್ಟು ದಿನ ಮುಂಚೆ ಹೇಳಬೇಕು. ಕೊನೇ ಮೂರನ್ನ ಬರೆಯದೆ ಬಿಡ್ತಾರೆ, ಜಗಳ ಹುಟ್ಟೋದು ಅಲ್ಲೇ. ನಡುರಾತ್ರಿ ಹೊಟ್ಟೆನೋವು ಬಂದಾಗ ಒಡೆಯರು ಫೋನ್ ಎತ್ತದಿದ್ದರೆ ಡಾಕ್ಟರ್ ಯಾರ ಮಾತು ಕೇಳಬೇಕು? ‘ಎರಡು ತಾಸಿನಲ್ಲಿ ಸಂಸ್ಥೆ ಸಿಗದಿದ್ದರೆ ಪಶುವೈದ್ಯರ ತೀರ್ಮಾನವೇ ಅಂತಿಮ’ ಅಂತ ಒಂದು ಸಾಲು ಬರೆಸಿ.

ಪಶುವೈದ್ಯೆ_ವಿಜಯಪುರ

ತರುವ ಮುನ್ನ ರಕ್ತ ಪರೀಕ್ಷೆಯ ವರದಿ ನೋಡದೆ ಒಪ್ಪಬೇಡಿ. ಗ್ಲಾಂಡರ್ಸ್ ಎಂಬ ರೋಗ ಕುದುರೆಯಿಂದ ಮನುಷ್ಯರಿಗೂ ಬರುತ್ತದೆ. ಅದಕ್ಕೆ ಲಸಿಕೆ ಇಲ್ಲ, ರೋಗ ಖಚಿತವಾದ ಕುದುರೆಯನ್ನು ಕಾನೂನಿನ ಪ್ರಕಾರ ದಯಾಮರಣಕ್ಕೆ ಒಳಪಡಿಸುತ್ತಾರೆ. ರಕ್ತದ ಮಾದರಿಯನ್ನು ಇಲಾಖೆಯ ಮೂಲಕ ಪರೀಕ್ಷೆಗೆ ಕಳಿಸಬೇಕು. ಹರಿಯಾಣದ ಹಿಸಾರ್‌ನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರ ಇದರಲ್ಲಿ ಪರಿಣತ. ಜೊತೆಗೆ ಕುದುರೆಯ ಸಾಂಕ್ರಾಮಿಕ ರಕ್ತಹೀನತೆಯ ಪರೀಕ್ಷೆಯನ್ನೂ, ಸರ್ರಾ ರೋಗಕ್ಕೆ ರಕ್ತಲೇಪ ಪರೀಕ್ಷೆಯನ್ನೂ ಕೇಳಿ. ಸರ್ರಾವನ್ನು ಹರಡುವುದು ದೊಡ್ಡ ಕಚ್ಚುನೊಣ. ಮಳೆಗಾಲದ ನಂತರ ಜ್ವರ ಬಂದು ಬಂದು ಹೋಗುವುದು, ಕಾಲು ಮತ್ತು ಹೊಟ್ಟೆಯ ಕೆಳಗೆ ಬಾವು, ತಿಂದರೂ ಇಳಿಯುವ ಮೈ, ಇವು ಅದರ ಲಕ್ಷಣ. ‘ಬಡಕಲು’ ಎಂದು ಕೊಡುವ ಕುದುರೆಗಳ ಬಡಕಲಿಗೆ ಕೆಲವೊಮ್ಮೆ ಇದೇ ಕಾರಣ. ಎಷ್ಟು ಮೇವು ಹಾಕಿದರೂ ಆಗ ಮೈ ಹತ್ತುವುದಿಲ್ಲ.

ಬಂದ ಮೇಲೆ 30 ದಿನ ಬೇರೆ ಕುದುರೆ ಕತ್ತೆಗಳಿಂದ ದೂರವಿಡಿ. ಬಕೆಟ್ಟು, ಬ್ರಷ್ಷು, ಹಗ್ಗ ಎಲ್ಲವೂ ಬೇರೆ. ದಿನವೂ ಬೆಳಿಗ್ಗೆ ಜ್ವರ ನೋಡಿ ಬರೆದಿಡಿ: 37.5ರಿಂದ 38.5 ಡಿಗ್ರಿ ಸೆಲ್ಸಿಯಸ್ ಸಹಜ. ವಿಶ್ರಾಂತಿಯಲ್ಲಿ ನಾಡಿ ನಿಮಿಷಕ್ಕೆ 28ರಿಂದ 44, ಉಸಿರು 8ರಿಂದ 16. ನಾಡಿ ಸಿಗುವುದು ಕೆಳದವಡೆಯ ಎಲುಬಿನ ಒಳಅಂಚಿನಲ್ಲಿ. ಬೆರಳಿನ ತುದಿಗೆ ದಾರದಂಥ ರಕ್ತನಾಳ ಜಾರುತ್ತದೆ, ಅದನ್ನು ಎಲುಬಿಗೆ ಮೆಲ್ಲಗೆ ಒತ್ತಿ 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿ. ಕುದುರೆ ಆರಾಮಾಗಿದ್ದಾಗಲೇ ಇದನ್ನು ಕಲಿತರೆ ಹೊಟ್ಟೆನೋವಿನ ರಾತ್ರಿ ಕೈ ತಡಕಾಡುವುದಿಲ್ಲ.

ವಯಸ್ಸಿನ ಬಗ್ಗೆ: ‘ಹದಿನಾಲ್ಕು’ ಎಂದು ಯಾರಾದರೂ ಹೇಳಿದರೆ ಬಾಯಿ ತೆರೆದು ನೋಡಿ. ಐದು ವರ್ಷಕ್ಕೆ ಬಾಯಿ ತುಂಬುತ್ತದೆ. ಮೇಲಿನ ಮೂಲೆಯ ಬಾಚಿಹಲ್ಲಿನ ಮೇಲೆ ಸುಮಾರು ಹತ್ತನೇ ವರ್ಷಕ್ಕೆ ಒಸಡಿನ ಹತ್ತಿರ ಒಂದು ಕಂದು ಗೀರು ಶುರುವಾಗುತ್ತದೆ, ಹದಿನೈದಕ್ಕೆ ಅರ್ಧ ಹಲ್ಲಿಗೆ ಬರುತ್ತದೆ, ಇಪ್ಪತ್ತಕ್ಕೆ ತುದಿ ಮುಟ್ಟುತ್ತದೆ. ಎರಡು ವರ್ಷ ಹಿಂದೆ ಮುಂದೆ ಆಗಬಹುದು, ಹತ್ತು ವರ್ಷ ಆಗುವುದಿಲ್ಲ. ಕಡೆಹಲ್ಲುಗಳ ಅಂಚು ಚೂಪಾಗಿ ಕೆನ್ನೆ ಕೊಯ್ದಿದ್ದರೆ ಕುದುರೆ ಮೇವನ್ನು ಅಗಿದು ಉಂಡೆ ಮಾಡಿ ಹೊರಗೆ ಉಗುಳುತ್ತದೆ. ಗ್ವಾದಲಿಯ ಕೆಳಗೆ ಅಂಥ ಹಸಿ ಉಂಡೆ ಕಂಡರೆ ಹಲ್ಲಿನ ಚೂಪು ಅಂಚನ್ನು ಅರದಿಂದ ಉಜ್ಜಿಸುವುದು ಮೊದಲ ಕೆಲಸ, ಹಿಂಡಿ ಹೆಚ್ಚಿಸುವುದಲ್ಲ.

ಜಮಖಂಡಿ_ತೋಟ

ಬಾಳ ಉಪಕಾರ ಆತ್ರಿ ಡಾಕ್ಟರ್ ಅಕ್ಕಾರ. ಬಡಕಲ ಐತಿ ಅಂತ ಬಂದ ದಿನಾನ ಹುರುಳಿ, ಗೋಧಿ ಬೂಸಾ, ಬೆಲ್ಲ ಕೊಟ್ಟು ಹುರಿ ಮಾಡೂನು ಅಂತ ಮನ್ಯಾಗ ಹಿರ್ಯಾರು ಅಂತಾರ. ಸರಿಯೇನ್ರಿ?

ಪಶುವೈದ್ಯೆ_ವಿಜಯಪುರ

ದಯವಿಟ್ಟು ಬೇಡ. ಪ್ರೀತಿಯಿಂದ ಮಾಡುವ ಈ ಕೆಲಸಕ್ಕೇ ಉಪವಾಸಬಿದ್ದ ಕುದುರೆಗಳು ಸಾಯುತ್ತವೆ.

ತಿಂಗಳುಗಟ್ಟಲೆ ಹಸಿದ ಮೈ ತನ್ನ ಕೊಬ್ಬನ್ನೂ ಸ್ನಾಯುವನ್ನೂ ಕರಗಿಸಿ ಬದುಕಿರುತ್ತದೆ. ಒಮ್ಮೆಲೇ ಕಾಳು, ಬೆಲ್ಲ ಬಿದ್ದರೆ ಇನ್ಸುಲಿನ್ ಏರುತ್ತದೆ. ಆಗ ರಕ್ತದಲ್ಲಿ ಉಳಿದ ರಂಜಕ, ಪೊಟ್ಯಾಸಿಯಂ, ಮೆಗ್ನೀಸಿಯಂ ಜೀವಕೋಶಗಳ ಒಳಗೆ ನುಗ್ಗಿ ರಕ್ತ ಬರಿದಾಗುತ್ತದೆ. ಹೃದಯ ಮತ್ತು ಉಸಿರಾಟ ಸೋಲುವುದು ಮೇವು ಹಾಕಿದ ಮೂರರಿಂದ ಹತ್ತು ದಿನದೊಳಗೆ. ಕುದುರೆ ಚೇತರಿಸುತ್ತಿದೆ ಎಂದು ಎಲ್ಲರೂ ಸಂತೋಷಪಡುವ ಹೊತ್ತಿಗೇ ಕುಸಿಯುತ್ತದೆ.

ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದ ಪಶುವೈದ್ಯರು ಹಸಿದ ಕುದುರೆಗಳಿಗೆ ಬೇರೆ ಬೇರೆ ಮೇವು ಕೊಟ್ಟು ನೋಡಿ ಆರಿಸಿದ್ದು ಒಣ ಲೂಸರ್ನ್, ಅಂದರೆ ನಮ್ಮ ಕುದುರೆ ಮಸಾಲೆ ಸೊಪ್ಪು. ಅದರಲ್ಲಿ ಪಿಷ್ಟ ಕಡಿಮೆ, ರಂಜಕ ಮತ್ತು ಮೆಗ್ನೀಸಿಯಂ ಇವೆ. ಲೆಕ್ಕ ಸುಲಭ: ಮೊದಲ ಮೂರು ದಿನ ಕುದುರೆಯ ಪ್ರತಿ ಕೆ.ಜಿ. ತೂಕಕ್ಕೆ 1 ಗ್ರಾಂ ಒಣ ಸೊಪ್ಪು ಒಂದು ಹೊತ್ತಿಗೆ, ನಾಲ್ಕು ತಾಸಿಗೊಮ್ಮೆ, ದಿನಕ್ಕೆ ಆರು ಸಲ, ರಾತ್ರಿಯೂ. ನಾಲ್ಕನೇ ದಿನದಿಂದ ಪ್ರಮಾಣ ಏರಿಸುತ್ತ ಹೊತ್ತು ಕಡಿಮೆ ಮಾಡಿ. ಆರನೇ ದಿನಕ್ಕೆ ದಿನದ ಒಟ್ಟು ಮೊತ್ತ ಕೆ.ಜಿ. ತೂಕಕ್ಕೆ 13 ಗ್ರಾಂ, ಮೂರು ಹೊತ್ತಾಗಿ. ಹತ್ತು ದಿನದ ಮೇಲೆ ತಿನ್ನುವಷ್ಟು. ಕಾಳಿನ ಮಾತು ಎರಡು ವಾರ ಕಳೆದ ಮೇಲೆ, ಅದೂ ಬೇಕಿದ್ದರೆ. ಹಸಿ ಸೊಪ್ಪು ತಂದರೆ ನೆರಳಲ್ಲಿ ಒಣಗಿಸಿ. ನಾಲ್ಕೈದು ಕೆ.ಜಿ. ಹಸಿಯಿಂದ ಒಂದು ಕೆ.ಜಿ. ಒಣದು ಸಿಗುತ್ತದೆ. ಎಲೆ ಉದುರಿ ಬರೀ ಕಡ್ಡಿ ಉಳಿಯದಂತೆ ನೋಡಿ, ಸತ್ವ ಎಲೆಯಲ್ಲಿದೆ.

ಇದು ಬೆನ್ನೆಲುಬು, ಬಾಲದ ಬುಡ, ಸೊಂಟದ ಮೂಳೆ ಎಲ್ಲ ಎದ್ದು ಕಾಣುವ, ಕತ್ತು ಕತ್ತಿಯಂತಾದ ಕುದುರೆಗೆ. ಬರೀ ಪಕ್ಕೆಲುಬು ಕಂಡು ಸೊಂಟ ತುಂಬಿಕೊಂಡಿದ್ದರೆ ಇಷ್ಟು ಬಿಗಿ ಬೇಡ, ಹುಲ್ಲನ್ನೇ ವಾರವಿಡೀ ನಿಧಾನ ಹೆಚ್ಚಿಸಿ. ಯಾವ ವರ್ಗ ಎಂದು ಮೊದಲ ದಿನ ಪಶುವೈದ್ಯರೇ ಕೈಯಿಂದ ಮುಟ್ಟಿ ಹೇಳಬೇಕು. ಚಳಿಗಾಲದ ದಪ್ಪ ಕೂದಲಿನ ಕೆಳಗೆ ಕಣ್ಣು ಮೋಸ ಹೋಗುತ್ತದೆ.

ಕರಡ_ಕಣಕಿ_ಅಥಣಿ

ಡಾಕ್ಟರ್ ಹೇಳಿದ್ದು ಮೊದಲ ತಿಂಗಳಿಂದು. ಆಮ್ಯಾಲಿನ ಮೇವಿಂದು ನಾ ಹೇಳತೀನಿ.

ಕುದುರಿ ದನ ಅಲ್ರಿ, ಮೆಲುಕು ಹಾಕೂದಿಲ್ಲ. ಹೊಟ್ಟಿ ಸಣ್ಣದು. ದಿನದಾಗ ಹದಿನಾಲ್ಕು-ಹದಿನೈದು ತಾಸು ಸ್ವಲ್ಪ ಸ್ವಲ್ಪ ತಿಂತನ ಇರಬೇಕು. ಮುಂಜಾನಿ ಒಂದು ಹೊರಿ, ಸಂಜಿಕ ಒಂದು ಹೊರಿ ಹಾಕೂ ದನದ ಪದ್ಧತಿ ಇದಕ್ಕ ಹೊಂದೂದಿಲ್ಲ. ದಿನಾ ಒಣಮೇವು ತೂಕದ ನೂರಕ್ಕ 2 ಪಾಲು. 250 ಕೆ.ಜಿ. ತಟ್ಟು (ಕುಳ್ಳ ಕುದುರಿ) ಇದ್ರ 5 ಕೆ.ಜಿ., ವರ್ಷಕ್ಕ ಹತ್ತಿರ ಹತ್ತಿರ 18 ಕ್ವಿಂಟಲ್. ಬ್ಯಾಸಗಿ ಬರೂದ್ರಾಗ ಇದನ್ನ ಕೂಡಿಡಬೇಕು, ಮಾರ್ಚ್ ಕಳದ ಮ್ಯಾಲ ಹುಡಿಕ್ಯಾಡಿದ್ರ ಸಿಗೂದಿಲ್ಲ.

ಎಲ್ಲಾಕಿಂತ ಚೊಲೋ ಗುಡ್ಡದ ಕರಡ. ಹೂ ಬರೂ ಮುಂದ ಕೊಯ್ದು ಒಣಗಿಸಿದ್ದು. ಜೋಳದ ಕಣಕಿ ನಡೀತೈತಿ, ಆದ್ರ ಒಂದೊಂದು ಇಂಚು ಕತ್ತರಿಸಿ, ನೀರು ಚಿಮುಕಿಸಿ. ದಪ್ಪ ದಂಟು ಹಂಗ ನುಂಗಿದ್ರ ಕರಳಿನ್ಯಾಗ ಕಟ್ಟತೈತಿ. ಹಸಿ ಜೋಳ ಮಾತ್ರ ಹತ್ತರನೂ ಬಿಡಬ್ಯಾಡ್ರಿ. ಎಳಿ ಜ್ವಾಳದಾಗ, ಕೊಯ್ದ ಮ್ಯಾಲ ಚಿಗುರಿದ ಕೂಳಿ ಜ್ವಾಳದಾಗ ವಿಷ ಇರತೈತಿ ಅನ್ನೂದು ದನ ಕಟ್ಟಿದವರಿಗೆಲ್ಲ ಗೊತ್ತು. ಕುದುರಿಗೆ ಇನ್ನೊಂದು ಕಾಟ ಐತಿ: ದಿನಾ ಹಸಿ ಜ್ವಾಳ, ಸುಡಾನ್ ಹುಲ್ಲು ಮೇದ್ರ ವಾರಗಟ್ಟಲೆ ಆದ ಮ್ಯಾಲ ಹಿಂದಿನ ಕಾಲು ತೊನೀತಾವ, ಉಚ್ಚಿ ತಾನ ಸೋರತೈತಿ. ಒಮ್ಮೆ ಬಂದ್ರ ಸುಧಾರಿಸೂದು ಕಠಿಣ.

ಕಬ್ಬಿನ ವಾಡೆ ಮತ್ತ ನೇಪಿಯರ್ ಹುಲ್ಲು: ಇವೆರಡನ್ನ ಮುಖ್ಯ ಮೇವು ಮಾಡಬ್ಯಾಡ್ರಿ. ಅದರಾಗಿನ ಆಕ್ಸಲೇಟ್ ಸುಣ್ಣದ ಅಂಶ ಹಿಡಕೋತೈತಿ, ಕುದುರಿ ಎಲಬಿನ್ಯಾಗಿಂದ ಸುಣ್ಣ ಇಳೀತೈತಿ, ಮುಖದ ಎಲಬು ಉಬ್ಬತಾವ, ಕುಂಟತೈತಿ. ದಿನಾ ಒಂದು ಹಿಡಿ ರುಚಿಗೆ ಸರಿ. ಕುದುರೆ ಮಸಾಲೆ ಜೋಡಿ ಹಾಕಿದ್ರ ಸುಣ್ಣ ಅಲ್ಲಿಂದ ಸಿಗತೈತಿ. ನಿಮ್ಮ ತೋಟದಾಗ ನಾಕ ಗುಂಟೆ ಕುದುರೆ ಮಸಾಲೆ ಹಾಕ್ರಿ, ಹೆಸರ ಹೇಳತೈತಿ ಅದು ಯಾರ ಸಲುವಾಗಿ ಅಂತ.

ಹುರುಳಿ ಕೊಡೂದಾದ್ರ ಕುದಿಸಿ, ದಿನಕ್ಕ ಅರ್ಧ ಕೆ.ಜಿ. ಮ್ಯಾಲ ಬ್ಯಾಡ. ಕೆಲಸ ಇಲ್ಲದ ಕುದುರಿಗೆ ಅದೂ ಬೇಕಾಗಿಲ್ಲ.

ಇಡೂದ ಬ್ಯಾಡ ಅನ್ನೂವು: ಕೋಳಿ ಆಹಾರ. ಅದರಾಗ ಕೋಳಿ ರೋಗಕ್ಕಂತ ಹಾಕಿದ ಮೊನೆನ್ಸಿನ್, ಸಲಿನೋಮೈಸಿನ್ ಕುದುರಿ ಹೃದಯ ಕೊಲ್ಲತಾವ, ಒಂದು ಬುಟ್ಟಿ ಸಾಕು. ಕೋಳಿ ಸಾಕಿದವರು ಚೀಲ ಬ್ಯಾರೆ ಕ್ವಾಣ್ಯಾಗ ಇಟ್ಟು ಕೀಲಿ ಹಾಕ್ರಿ. ಬೂಸ್ಟ ಹಿಡದ ಗೋಂಜಾಳ (ಮೆಕ್ಕಿಜೋಳ): ಅದರ ವಿಷ ಕುದುರಿ ಮಿದುಳು ಕರಗಸತೈತಿ, ಔಷಧ ಇಲ್ಲ. ಮಳ್ಯಾಗ ತೊಯ್ದ ಶೇಂಗಾ ಹೊಟ್ಟು ಹಂಗ. ಒಣಗಿದ್ದು, ಮಣ್ಣು ಝಾಡಿಸಿದ್ದು ಆದ್ರ ಶೇಂಗಾ ಹೊಟ್ಟು ಬಾಳ ಚೊಲೋ ಮೇವು.

ಗುಮ್ಮಟನಗರಿ

ಕರಡ ಅವರೇ, ನೀರಿನ ಮಾತು ಬಿಟ್ಟಿರಿ. ಇಂಡಿ, ಸಿಂದಗಿ ಕಡೆ ಬಹಳ ಬೋರುಗಳ ನೀರು ಸವಳು. ಟಾಂಗಾ ಕುದುರೆ ಊರಿನ ನಳದ ನೀರಿಗೆ ರೂಢಿಯಾಗಿರುತ್ತದೆ, ಸವಳು ನೀರನ್ನು ಮೂಸಿ ಬಿಟ್ಟುಬಿಡುತ್ತದೆ. ನೀರು ಕಡಿಮೆ, ಒಣ ಕಣಕಿ ಹೆಚ್ಚು, ಮೂರನೇ ದಿನಕ್ಕೆ ಮಲ ಕಟ್ಟಿ ಹೊಟ್ಟೆನೋವು. ನಮ್ಮ ಭಾಗದಲ್ಲಿ ಹೊಸದಾಗಿ ತಂದ ಕುದುರೆಗೆ ಆಗುವ ಅನಾಹುತಕ್ಕೆ ಈ ಜೋಡಿಯೇ ಮೂಲ. ಕುದುರೆ ಇದ್ದ ಜಾಗದ ನೀರನ್ನು ನಾಲ್ಕೈದು ಕೊಡ ಜೊತೆಗೆ ತನ್ನಿ, ನಿಮ್ಮ ನೀರನ್ನು ದಿನದಿನಕ್ಕೆ ಬೆರೆಸುತ್ತ ಹೋಗಿ. ಎಷ್ಟು ಕುಡಿಯಿತು ಎಂದು ಅಳೆಯಲು ತೊಟ್ಟಿಗಿಂತ ಬಕೆಟ್ಟು ಒಳ್ಳೆಯದು. ಸಾದಾ ದಿನ 20ರಿಂದ 25 ಲೀಟರ್, ಏಪ್ರಿಲ್–ಮೇ ಬಿಸಿಲಿಗೆ 40 ದಾಟಬಹುದು. ಕಲ್ಲುಪ್ಪಿನ ಗಡ್ಡೆ ನೆಕ್ಕಲು ಸಿಗುವಂತೆ ಕಟ್ಟಿ.

ಮಲದ ಉಂಡೆ ನೋಡಿ: ನೆಲಕ್ಕೆ ಬಿದ್ದಾಗ ಒಡೆಯಬೇಕು, ಹೊರಗೆ ತೇವದ ಹೊಳಪಿರಬೇಕು. ಸಣ್ಣದಾಗಿ, ಗಟ್ಟಿಯಾಗಿ, ಮೇಲೆ ಲೋಳೆ ಸುತ್ತಿಕೊಂಡು ಬಿದ್ದರೆ ಅದೇ ದಿನ ಕಣಕಿ ನಿಲ್ಲಿಸಿ, ನೆನೆಸಿದ ಹುಲ್ಲು ಕೊಡಿ, ಡಾಕ್ಟರಿಗೆ ಹೇಳಿ.

ನಾಲ್_ಗೊರಸು

ಗೊರಸಿನ ಬಗ್ಗೆ ಯಾರೂ ಬರದಿಲ್ಲ. ಟಾಂಗಾ ಕುದುರಿಗೆ ಡಾಂಬರ್ ರಸ್ತಾಕ್ಕಂತ ನಾಲು ಬಡದಿರತಾರ. ತೋಟದಾಗ ಅದು ಬ್ಯಾಡ. ತರೂ ಮುಂದ ನಾಲು ಬಿಚ್ಚಿಸಿ, ಮೊಳಿ ತೂತಿನ ಅಂಚು ಅರದಿಂದ ದುಂಡ ಮಾಡಿಸ್ರಿ, ಇಲ್ಲಾಂದ್ರ ಗೊರಸು ಸೀಳತೈತಿ. ಬಿಚ್ಚಿದ ಮ್ಯಾಲ ಎರಡು-ಮೂರು ವಾರ ಕಲ್ಲಿನ ಮ್ಯಾಲ ನಡೀವಾಗ ಕಾಲು ಎತ್ತೆತ್ತಿ ಇಡತೈತಿ, ಮೆತ್ತನ ನೆಲದಾಗ ಬಿಡ್ರಿ.

ಆರರಿಂದ ಎಂಟು ವಾರಕ್ಕೊಮ್ಮೆ ಕತ್ತರಿಸಬೇಕು. ಊರಾಗ ನಾಲು ಬಡಿಯವರು ಬಾಳ ಮಂದಿ ಎತ್ತಿನ ಕೆಲಸಾ ಮಾಡವರು. ಎತ್ತಿಂದು ಎರಡು ಹೋಳಿನ ಗೊರಸು, ಕುದುರಿದು ಒಂದ. ಅವರು ಹಿಮ್ಮಡಿ ಬಾಳ ಕತ್ತರಿಸಿ ಮುಂದಿನ ತುದಿ ಉದ್ದ ಬಿಡತಾರ, ಕಾಲಿನ ನರಕ್ಕ ಜಗ್ಗ ಬೀಳತೈತಿ. ಬಾಜೂದಿಂದ ನಿಂತು ನೋಡ್ರಿ: ಗೊರಸಿನ ಮುಂದಿನ ಗೆರಿ ಮತ್ತ ಅದರ ಮ್ಯಾಲಿನ ಎಲಬಿನ ಗೆರಿ ಒಂದ ಓರೆಯಾಗಿರಬೇಕು. ನಡುವ ಮುರದಂಗ ಕಂಡ್ರ ಕೆಲಸ ತಪ್ಪೇತಿ.

ಎರಿ ಭೂಮಿ ಮಳಿಗಾಲದಾಗ ದೊಡ್ಡ ಕಷ್ಟ. ಗೊರಸಿನ ಕೆಳಗ ಮುಮ್ಮೂಲಿ ಮೆತ್ತನ ಭಾಗ ಐತಲ್ಲ, ಅದರ ಬಾಜೂ ಸಂದ್ಯಾಗ ಎರಿಮಣ್ಣು ಸಿಮೆಂಟಿನಂಗ ಕೂಡತೈತಿ. ಗಾಳಿ ಆಡೂದಿಲ್ಲ, ಕೊಳೀತೈತಿ, ಕರೆ ರಸ, ಕೆಟ್ಟ ವಾಸನಿ. ದಿನಾ ಎರಡು ಸಲ ಮೊಂಡ ಕೊಕ್ಕಿಯಿಂದ ಹಿಮ್ಮಡಿಯಿಂದ ತುದಿ ಕಡೆ ಎಳದು ತಗೀರಿ, ತುದಿಯಿಂದ ಹಿಮ್ಮಡಿಗೆ ಎಳದ್ರ ಕೊಕ್ಕಿ ಮೆತ್ತನ ಭಾಗಕ್ಕ ಚುಚ್ಚತೈತಿ. ಕೊಟಗಿ ನೆಲಕ್ಕ ಎರಿಮಣ್ಣು ತಗದು ಒಂದು ಅಡಿ ಗರಸು ಬಡಸ್ರಿ, ಹಿಂದಕ ಸ್ವಲ್ಪ ಇಳಿಜಾರ. ಫರಸಿ ಹಾಸಬ್ಯಾಡ್ರಿ, ಉಚ್ಚಿ ಬಿದ್ದ ಫರಸಿ ಮ್ಯಾಲ ಜಾರಿ ಕುದುರಿ ಸೊಂಟಾ ಮುರಕೋತೈತಿ.

ಜಮಖಂಡಿ_ತೋಟ

ಕೊಟಗಿ 10 ಅಡಿ ಅಗಲ, 20 ಅಡಿ ಉದ್ದ, ತಗಡು ಎಂಟು ಅಡಿ ಎತ್ತರ ಐತಿ. ಸಾಕಾಗತೈತೇನು? ಬೇಲಿ ಮುಳ್ಳುತಂತಿದು ಅಂತ ಮೊದಲ ಹೇಳೇನಿ.

ಖಾನಾಪುರ_ಮಳೆ

ತಟ್ಟಿಗೆ ಹತ್ತು-ಹತ್ತು ಅಡಿ ಸಾಕು, ದೊಡ್ಡ ಕುದುರೆಗೆ ಹನ್ನೆರಡು-ಹನ್ನೆರಡು. ಎತ್ತರ ಸಾಲದು. ಕುದುರೆ ಬೆಚ್ಚಿದರೆ ತಲೆ ಮೇಲಕ್ಕೆ ಎಸೆಯುತ್ತೆ, ತಗಡಿನ ಅಂಚಿಗೆ ನೆತ್ತಿ ಬಡಿದರೆ ಮುಗೀತು. ಹತ್ತು ಅಡಿಗೆ ಏರಿಸಿ, ತಗಡಿನ ಮೇಲೆ ಕಬ್ಬಿನ ರವದಿ ಹೊದಿಸಿ ಕಟ್ಟಿ. ನಿಮ್ಮ ಕಡೆ ಬಿಸಿಲಿಗೆ ಬರೀ ತಗಡು ಒಲೆಯಾಗುತ್ತೆ. ಎರಡು ಬದಿ ತೆರೆದಿರಲಿ.

ಮುಳ್ಳುತಂತಿ ತೆಗೀಲೇಬೇಕು. ದನ ತಂತಿ ತಾಗಿದರೆ ಹಿಂದೆ ಸರಿಯುತ್ತೆ, ಕುದುರೆ ಕಾಲು ಸಿಕ್ಕಿದರೆ ಜಗ್ಗಿ ಓಡುತ್ತೆ. ಎಲುಬಿನವರೆಗೆ ಚರ್ಮ ಸುಲಿಯುತ್ತೆ. ಪೂರ್ತಿ ಎರಡು ಎಕರೆ ಆಗದಿದ್ದರೆ ಅರ್ಧ ಎಕರೆಯನ್ನ ಒಳಗೆ ಬೇರೆ ಮಾಡಿ, ಬಿದಿರು ಗಳ ಅಥವಾ ಅಗಲ ಪಟ್ಟಿಯ ಝಟಕಾ ಬೇಲಿ ಹಾಕಿ. ಪಟ್ಟಿ ಅಗಲವಾಗಿ ಬೆಳ್ಳಗಿದ್ದರೆ ಕುದುರೆಗೆ ಕಾಣುತ್ತೆ, ಸಣ್ಣ ತಂತಿ ಕಾಣೋದಿಲ್ಲ. ಬದುವಿನಲ್ಲಿ ಕಣಗಿಲೆ, ಔಡಲ, ಮದಗುಣಕಿ ಇದ್ದರೆ ಬೇರು ಸಮೇತ ಕಿತ್ತು ಕುದುರೆಗೆ ಸಿಗದ ಹಾಗೆ ದೂರ ಹಾಕಿ, ಸುಡಬೇಡಿ, ಕಣಗಿಲೆ ಹೊಗೆಯೂ ವಿಷ. ಒಣಗಿದ ಕಣಗಿಲೆ ಎಲೆಯೂ ಅಷ್ಟೇ ವಿಷ.

ಮತ್ತೊಂದು: ಒಂಟಿ ಕುದುರೆ ಇಡಬೇಡಿ. ಟಾಂಗಾ ಸ್ಟ್ಯಾಂಡಿನಲ್ಲಿ ಹತ್ತು ಕುದುರೆ ನಡುವೆ ಬದುಕಿದ್ದು, ತೋಟದಲ್ಲಿ ಒಂದೇ ಆದರೆ ಬೇಲಿ ಉದ್ದಕ್ಕೂ ಓಡಾಡಿ ಮೈ ಇಳಿಸಿಕೊಳ್ಳುತ್ತೆ, ಕಟ್ಟಿಗೆ ಕಡೀತಾ ಗಾಳಿ ನುಂಗುತ್ತೆ. ಸಂಸ್ಥೆಯನ್ನೇ ಕೇಳಿ ಒಂದು ಕತ್ತೆಯನ್ನೋ, ಇನ್ನೊಂದು ತಟ್ಟನ್ನೋ ಜೊತೆಗೆ ತನ್ನಿ. ಆಗದಿದ್ದರೆ ಆಡುಗಳು.

ಕರಡ_ಕಣಕಿ_ಅಥಣಿ

ಆಡು ಜೋಡಿ ಆಗತಾವು, ಒಪ್ಪತೀನಿ, ಆದ್ರ ಕುದುರಿಗೆ ಕುದುರಿ ಜಾತಿದ್ದ ಜೋಡಿ ಬೇಕು. ಮೈ ತುರಿಸಾಕ, ನೊಣ ಹೊಡಿಯಾಕ ಎದರಾ ಬದರಾ ನಿಲ್ಲತಾವಲ್ಲ, ಅದು ಆಡಿನ ಕೈಲೆ ಆಗೂದಿಲ್ಲ. ಎರಡು ಸಾಕೂ ತಾಕತ್ತ ಇಲ್ಲಾಂದ್ರ ಒಂದೂ ತರಬಾರದು ಅನ್ನೂದು ನನ್ನ ಮಾತು.

ಪ್ರಾಣಿದಯೆ_ಬೆಳಗಾವಿ

ಕರಡ ಅವರ ಮಾತು ಕಠಿಣ, ಆದರೂ ನಾನೂ ಅದನ್ನೇ ಬೆಂಬಲಿಸ್ತೀನಿ. ಪಕ್ಕದ ತೋಟದಲ್ಲಿ ಬೇಲಿಯಾಚೆ ಕುದುರೆ ಇದ್ದರೂ ನಡೀತದೆ, ಕಣ್ಣಿಗೆ ಕಾಣಬೇಕು, ಮೂಗು ತಾಗಬೇಕು. 30 ದಿನದ ಪ್ರತ್ಯೇಕ ವಾಸ ಮುಗಿದ ಮೇಲೆ.

ಪಶುವೈದ್ಯೆ_ವಿಜಯಪುರ

ಮಕ್ಕಳು ಹತ್ತುವ ಪ್ರಶ್ನೆಗೆ: ಆರೋಗ್ಯವಂತ ಕುದುರೆ ತನ್ನ ತೂಕದ ನೂರಕ್ಕೆ 15, ಹೆಚ್ಚೆಂದರೆ 20 ಪಾಲು ಹೊರಬಹುದು, ಜೀನು ಸೇರಿ. 250 ಕೆ.ಜಿ. ತಟ್ಟಿಗೆ 37ರಿಂದ 50 ಕೆ.ಜಿ. ದೊಡ್ಡವರು ಅಲ್ಲಿಗೇ ಹೊರಗುಳಿದರು. ಬಡಕಲು ಇರುವವರೆಗೆ ಸೊನ್ನೆ. ಬೆನ್ನೆಲುಬಿನ ಎರಡೂ ಬದಿಗೆ ಸ್ನಾಯು ತುಂಬದೆ ಜೀನು ಇಟ್ಟರೆ ಎಲುಬಿನ ಮೇಲೆಯೇ ಭಾರ ಕೂರುತ್ತದೆ. ಟಾಂಗಾ ಕುದುರೆಗಳ ಹೆಗಲ ಮೇಲೆ, ಬೆನ್ನ ಉಬ್ಬಿನ ಮೇಲೆ ಬಿಳಿ ಕೂದಲಿನ ಮಚ್ಚೆಗಳಿದ್ದರೆ ಅವು ಹಳೆಯ ಹುಣ್ಣಿನ ಗುರುತು. ಒತ್ತಿ ನೋಡಿ, ಕುದುರೆ ಬೆನ್ನು ಇಳಿಸಿ ಕಿವಿ ಹಿಂದಕ್ಕೆ ಮಾಡಿದರೆ ಒಳಗೆ ಇನ್ನೂ ನೋವಿದೆ. ಅಂಥದ್ದು ಜೊತೆಗಿರುವ ಕುದುರೆ ಮಾತ್ರ, ಸವಾರಿಯದ್ದಲ್ಲ, ಮತ್ತು ಹಾಗೆಂದೇ ಕರಾರಿನಲ್ಲಿ ಬರೆಸಿ. ಮಕ್ಕಳು ಅದಕ್ಕೆ ನೀರು ಕೊಡಲಿ, ಮೈ ಉಜ್ಜಲಿ, ಭುಜದ ಪಕ್ಕ ನಿಂತು. ಕಣ್ಣುಪಟ್ಟಿ ಕಟ್ಟಿಸಿಕೊಂಡು ದುಡಿದ ಕುದುರೆ ಹಿಂದಿನಿಂದ ಸದ್ದಿಲ್ಲದೆ ಬಂದವರನ್ನು ಒದೆಯುತ್ತದೆ. ಅದು ಸಿಟ್ಟಲ್ಲ, ಹೆದರಿಕೆ.

ಔಷಧಗಳಲ್ಲಿ ದನದ ರೂಢಿಯಿಂದ ಆಗುವ ತಪ್ಪುಗಳು ಹಲವು. ರಕ್ತ ಹೀರುವ ಉಣ್ಣಿಗೆಂದು ದನಕ್ಕೆ ಹಚ್ಚುವ ಅಮಿಟ್ರಾಜ್ ಕುದುರೆಗೆ ಹಚ್ಚಬೇಡಿ, ಕರುಳಿನ ಚಲನೆ ನಿಂತು ಮಲ ಕಟ್ಟುತ್ತದೆ. ದನದ ಐವರ್‌ಮೆಕ್ಟಿನ್ ಚುಚ್ಚುಮದ್ದು ಕುದುರೆಗೆ ಹಾಕಿಸಬೇಡಿ, ಚುಚ್ಚಿದ ಜಾಗ ಕೊಳೆತು ಪ್ರಾಣಾಪಾಯವಾಗಬಹುದು. ಕುದುರೆಗೆ ಬಾಯಿಂದ ಕೊಡುವ ಪೇಸ್ಟ್ ಬೇರೆ ಬರುತ್ತದೆ, ಕೆ.ಜಿ.ಗೆ 0.2 ಮಿ.ಗ್ರಾಂ. ಅದನ್ನೂ ಬಂದ ದಿನವೇ ಕೊಡದೆ ಎರಡು ವಾರ ಮೈ ಹಿಡಿದ ಮೇಲೆ ಕೊಡಿ. ಧನುರ್ವಾಯು ಲಸಿಕೆ ಎರಡು ಸಲ, ನಾಲ್ಕರಿಂದ ಆರು ವಾರದ ಅಂತರದಲ್ಲಿ, ನಂತರ ವರ್ಷಕ್ಕೊಮ್ಮೆ. ತುಕ್ಕು ಮೊಳೆ ಚುಚ್ಚಿದರೆ ಧನುರ್ವಾಯುವಿಗೆ ಕುದುರೆಯಷ್ಟು ಬೇಗ ಬೀಳುವ ಸಾಕುಪ್ರಾಣಿ ಇನ್ನೊಂದಿಲ್ಲ. ಹುಚ್ಚುನಾಯಿ ರೋಗದ ಲಸಿಕೆಯನ್ನೂ ಹಾಕಿಸಿ.

ಹೊಟ್ಟೆನೋವು: ಮುಂಗಾಲಿನಿಂದ ನೆಲ ಕೆರೆಯುವುದು, ಪಕ್ಕೆ ತಿರುಗಿ ನೋಡುವುದು, ಮೇಲಿನ ತುಟಿ ಎತ್ತುವುದು, ಮಲಗಿ ಏಳುವುದು, ಬೆವರು. ಮೇವು ತೆಗೆಯಿರಿ, ನಾಡಿ ಎಣಿಸಿ, ಡಾಕ್ಟರನ್ನು ಕರೆಯಿರಿ. ಕಾಯುವಾಗ ಹತ್ತು ನಿಮಿಷ ನಿಧಾನ ನಡೆಸಬಹುದು. ಬಾಯಿಗೆ ಗೊಟ್ಟ ಇಟ್ಟು ಎಣ್ಣೆ, ಸೋಡಾ, ಕಷಾಯ ಏನನ್ನೂ ಹಾಕಬೇಡಿ. ಅದು ಶ್ವಾಸಕೋಶಕ್ಕೆ ಹೋಗುತ್ತದೆ. ಕುದುರೆಗೆ ವಾಂತಿ ಬರುವುದಿಲ್ಲ, ಹೊಟ್ಟೆ ಹಗುರ ಮಾಡುವ ದಾರಿ ಮೂಗಿನಿಂದ ಇಳಿಸುವ ನಳಿಕೆ ಒಂದೇ, ಅದು ಡಾಕ್ಟರ ಕೈಯಲ್ಲಿ. ನಾಡಿ 60 ದಾಟಿದ್ದರೆ ಫೋನಿನಲ್ಲಿ ಅದನ್ನೇ ಮೊದಲು ಹೇಳಿ.

ಜಮಖಂಡಿ_ತೋಟ

ನಮ್ಮ ದವಾಖಾನಿ ಡಾಕ್ಟರು ದನಾ ನೋಡತಾರ. ಕುದುರಿಗೆ ಬರತಾರೇನ್ರಿ? ಮತ್ತ ತರೂ ಗಾಡಿ ಎಂಥಾದ್ದಿರಬೇಕು?

ಪ್ರಾಣಿದಯೆ_ಬೆಳಗಾವಿ

ಕುದುರೆ ತರೋ ಮುಂಚೆಯೇ ತಾಲೂಕು ಪಶು ಆಸ್ಪತ್ರೆಗೆ ಹೋಗಿ ಮೂರು ಮಾತು ಕೇಳಿ: ಕುದುರೆ ನೋಡೋ ರೂಢಿ ಇದೆಯಾ, ಮೂಗಿನ ನಳಿಕೆ ಇದೆಯಾ, ರಾತ್ರಿ ಯಾರು ಬರ್ತಾರೆ. ತುರ್ತಿಗೆ 1962 ಸಹಾಯವಾಣಿ ಇದೆ, ಸಂಚಾರಿ ಪಶು ಚಿಕಿತ್ಸಾ ವಾಹನ ಕಳಿಸ್ತಾರೆ. ಸಂಸ್ಥೆಯ ಡಾಕ್ಟರ್ ನಂಬರೂ ಗೋಡೆ ಮೇಲೆ ಬರೆದಿಡಿ. ‘ಆಗೋದಿಲ್ಲ’ ಅನ್ನೋ ಉತ್ತರ ಬಂದರೆ ಕುದುರೆ ತರೋದನ್ನೇ ಮುಂದೂಡಿ.

ಸಾಗಣೆಗೆ 1978ರ ಪ್ರಾಣಿ ಸಾಗಣೆ ನಿಯಮಗಳ ಪ್ರಕಾರ ಪಶುವೈದ್ಯರ ಪ್ರಮಾಣಪತ್ರ ಬೇಕು. ಅದರ ಜೊತೆ ಕರಾರಿನ ಪ್ರತಿ, ಸಂಸ್ಥೆಯ ಪತ್ರ ಚಾಲಕನ ಕೈಯಲ್ಲಿರಲಿ. ನೆಲಕ್ಕೆ ಮ್ಯಾಟು, ಅದರ ಮೇಲೆ ಹುಲ್ಲು. ಬದಿಗೆ ಬಿದಿರು ಗಳ ಕಟ್ಟಿ ಗೋಣಿಚೀಲ ಸುತ್ತಿ. ಹತ್ತಿಸಲಿಕ್ಕೆ ಹಲಗೆಯ ಇಳಿಜಾರು ಬೇಕು. ಮಣ್ಣಿನ ದಿಬ್ಬಕ್ಕೆ ಗಾಡಿಯ ಹಿಂಬದಿ ತಾಗಿಸಿ ನಿಲ್ಲಿಸಿದರೆ ಇನ್ನೂ ಸಲೀಸು. ಹಗ್ಗ ಎಳೆದರೆ ಬಿಚ್ಚೋ ಗಂಟು ಹಾಕಿ. ನಸುಕಿನಲ್ಲಿ ಹೊರಡಿ, ಘಟ್ಟದ ತಿರುವುಗಳಲ್ಲಿ ನಿಧಾನ, ಎರಡು-ಮೂರು ತಾಸಿಗೊಮ್ಮೆ ನಿಲ್ಲಿಸಿ ನೀರು ತೋರಿಸಿ.

ಜಮಖಂಡಿ_ತೋಟ

ಈವತ್ತು ಹೋಗಿ ಅಳತಿ ತಗೊಂಡ ಬಂದೇವ್ರಿ. ಮುಂಗಾಲಿನ ಹಿಂದ ಎದಿ ಸುತ್ತಳತಿ 138 ಸೆಂ.ಮೀ., ಭುಜದ ಮುಂದಿನ ಎಲಬಿನಿಂದ ಹಿಂದಿನ ಕುಂಡಿ ಎಲಬಿನ ತನಕ 136. ಕುಳ್ಳಗ, ಕಾಲು ಗಟ್ಟಿ. ಇವು ಭೀಮಥಡಿ ತಟ್ಟಿನ ಲಕ್ಷಣ ಅಂತ ಅಲ್ಲೊಬ್ಬರು ಅಂದ್ರು. ತೂಕ ಎಷ್ಟಾಗತೈತಿ? ಗ್ಲಾಂಡರ್ಸ್ ವರದಿ ಬಂದೈತಿ, ಇಲ್ಲ ಅಂತ ಐತಿ. ಸೊಂಟದ ಎಲಬು, ಬಾಲದ ಬುಡ ಎರಡೂ ಎದ್ದ ಕಾಣತಾವ.

ಗುಮ್ಮಟನಗರಿ

ಭೀಮಥಡಿ ಭೀಮಾ ಹೊಳೆಯ ದಂಡೆಯ ತಳಿ, ಕುರಿ ಮಂದೆಯವರು ಹೇರು ಹೊರಿಸುವುದು ಅದರ ಮೇಲೆ. ಈಚೆಗೆ ಪ್ರತ್ಯೇಕ ತಳಿ ಎಂದು ದೇಶದ ಪಟ್ಟಿಗೆ ಸೇರಿದೆ. ರೂಪ ನೋಡಿ ತಳಿ ಖಚಿತ ಮಾಡಲಾಗದು, ಕರಾರಿನಲ್ಲಿ ‘ದೇಶಿ ತಟ್ಟು’ ಎಂದೇ ಬರೆಸಿ.

ಪಶುವೈದ್ಯೆ_ವಿಜಯಪುರ

ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿ. 138 × 138 × 136, ಅಂದರೆ 25,89,984; ಭಾಗಿಸಿದರೆ 218 ಕೆ.ಜಿ. ಸೊಂಟವೂ ಬಾಲದ ಬುಡವೂ ಕಾಣುತ್ತಿದ್ದರೆ ನಾನು ಬಿಗಿ ಕ್ರಮವನ್ನೇ ಹಿಡಿಯುತ್ತೇನೆ. ಮೊದಲ ಮೂರು ದಿನ ಒಣ ಕುದುರೆ ಮಸಾಲೆ ಹೊತ್ತಿಗೆ 220 ಗ್ರಾಂ: ಬೆಳಿಗ್ಗೆ 6, 10, ಮಧ್ಯಾಹ್ನ 2, ಸಂಜೆ 6, ರಾತ್ರಿ 10, 2. ಆರನೇ ದಿನಕ್ಕೆ ದಿನದ ಒಟ್ಟು 2.8 ಕೆ.ಜಿ., ಮೂರು ಹೊತ್ತಾಗಿ. ಅಡುಗೆಮನೆಯ ತಕ್ಕಡಿಯಲ್ಲೇ ತೂಗಿ, ಕೈ ಅಂದಾಜು ಬೇಡ. ಹತ್ತು ದಿನಕ್ಕೆ ಒಟ್ಟು 25 ಕೆ.ಜಿ. ಒಣ ಸೊಪ್ಪು ಬೇಕಾಗುತ್ತದೆ, ಹಸಿ ಲೆಕ್ಕದಲ್ಲಿ ಒಂದೂಕಾಲು ಕ್ವಿಂಟಲ್. ಕುದುರೆ ಬರುವ ನಾಲ್ಕು ದಿನ ಮೊದಲೇ ತಂದು ನೆರಳಿಗೆ ಹರಡಿ.

ಜಮಖಂಡಿ_ತೋಟ

ಆತ್ರಿ ಅಕ್ಕಾರ. ರಾತ್ರಿ ಎರಡರ ಪಾಳಿ ನನ್ನದು, ಹತ್ತರದ್ದು ಮಗಂದು. ತಂತಿ ಬಿಚ್ಚೂ ಕೆಲಸ ನಾಳಿಗೆ ಚಾಲೂ. ಜೋಡಿಗೆ ಕತ್ತೆ ಕೊಡತೀರೇನು ಅಂತ ಸಂಸ್ಥೆಯವರಿಗೆ ಪತ್ರಾ ಬರದೇವಿ. ಅವರ ಉತ್ತರ ಬರೂತನಕ ಕುದುರಿ ಅಲ್ಲೇ ಇರಲಿ ಅಂದೇವಿ.